ಕಪಾಟಿನ ಬೀಗ ತೆಗೆದ ಗಣಿತ ಮೇಷ್ಟ್ರು

ಮೂಡಿಗೆರೆ ಕಡೆಯವರು ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತಾರೆ. ಕಳಸದವರಿಗೆ ಕುದುರೆಮುಖ, ಕಾರ್ಕಳದ ದಾರಿ. ಯಾವ ದಾರಿ ಹಿಡಿದರೂ ಕೊನೆಗೆ ಹಂಪನಕಟ್ಟೆಯ ಹತ್ತಿರ ಒಂದು ಹಳೆಯ ಕಾಲೇಜು ಕಣ್ಣಿಗೆ ಬೀಳುತ್ತದೆ. ಇಂದು ಅದು ವಿಶ್ವವಿದ್ಯಾನಿಲಯ ಕಾಲೇಜು. ಮಂಗಳೂರು ಇನ್ನೂ ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲಕ್ಕೆ ಅದು ಸರ್ಕಾರಿ ಕಾಲೇಜು. 1917ರಲ್ಲಿ ಅಲ್ಲಿಗೆ ತಂಜಾವೂರು ಕಡೆಯ 25ರ ತರುಣನೊಬ್ಬ ಗಣಿತದ ಅಧ್ಯಾಪಕನಾಗಿ ಬಂದ. ಗಣಿತವನ್ನು ಪ್ರೀತಿಸುತ್ತಿದ್ದ, ಜೀವನಪೂರ್ತಿ ಗಣಿತವನ್ನೇ ಕಲಿಸಬೇಕೆಂದುಕೊಂಡಿದ್ದ. ಆತನೇ ಶಿಯಾಳಿ ರಾಮಾಮೃತ ರಂಗನಾಥನ್. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಂದು ಕರೆಸಿಕೊಂಡವರು.

ದ್ವಿತೀಯ ಪಿಯುಸಿ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳು ಡೇಟಾಬೇಸ್ ಪಾಠದಲ್ಲಿ ಟೇಬಲ್, ಪ್ರೈಮರಿ ಕೀ, ಎಸ್‌ಕ್ಯೂಎಲ್ ಎಂದು ಬರೆಯುತ್ತಾರೆ. ಮುಂದೆ ಬಿಸಿಎ, ಎಂಸಿಎ, ಎಂಟೆಕ್ ಎಂದು ಹೋದವರಿಗೆ ಇದೇ ವಿಷಯ ಡೇಟಾ ವೇರ್‌ಹೌಸ್, ಇಂಡೆಕ್ಸ್, ಇನ್ಫರ್ಮೇಶನ್ ರಿಟ್ರೀವಲ್ ಎಂಬ ದೊಡ್ಡ ಹೆಸರುಗಳಲ್ಲಿ ಎದುರಾಗುತ್ತದೆ. ಆ ದೊಡ್ಡ ಹೆಸರುಗಳ ಹಿಂದೆ ಇರುವ ಪ್ರಶ್ನೆ ಸರಳವಾದದ್ದು: ಒಂದು ವಸ್ತುವನ್ನು ಹೇಗೆ ಇಟ್ಟರೆ, ಅದನ್ನು ಬೇರೆ ಬೇರೆ ಉದ್ದೇಶಕ್ಕೆ ಹುಡುಕಿಕೊಂಡು ಬರುವ ಎಲ್ಲರಿಗೂ ಅದು ಬೇಗ ಸಿಗುತ್ತದೆ? ಕಂಪ್ಯೂಟರ್ ನಮ್ಮ ದೇಶಕ್ಕೆ ಬರುವುದಕ್ಕೆ ಮೊದಲೇ ಈ ಪ್ರಶ್ನೆಯನ್ನು ಹಿಡಿದು ಕುಳಿತವರು ರಂಗನಾಥನ್. ಅವರ ಬದುಕಿನ ಕೊನೆಯ ವರ್ಷಗಳೆಲ್ಲ ಬೆಂಗಳೂರಿನಲ್ಲೇ ಕಳೆದವು.

ಅವರು ಹುಟ್ಟಿದ್ದು 1892ರ ಆಗಸ್ಟ್‌ನಲ್ಲಿ, ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ. ಆಗಸ್ಟ್ 12ನ್ನು ನಮ್ಮ ದೇಶದಲ್ಲಿ ಗ್ರಂಥಪಾಲಕರ ದಿನ ಎಂದು ಆಚರಿಸುವುದು ಅವರ ನೆನಪಿಗೆ. (ನಮ್ಮ ಮಲೆನಾಡಿನಲ್ಲಿ ಆ ದಿನ ಎಷ್ಟೋ ಸಲ ಮಳೆ ರಜೆಯಲ್ಲೇ ಮುಗಿದುಹೋಗುತ್ತದೆ ಎನ್ನುವುದು ಬೇರೆ ಮಾತು.) ಆರು ವರ್ಷದ ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ಮಾತಿನಲ್ಲಿ ತೊದಲು ಇತ್ತು. ತೊದಲುವ ಹುಡುಗ ಮುಂದೆ ಮೇಷ್ಟ್ರಾಗುತ್ತೇನೆಂದರೆ ಇಂದೂ ನಗುವವರಿದ್ದಾರೆ. ರಂಗನಾಥನ್ ಅದನ್ನು ನಿಧಾನವಾಗಿ, ವರ್ಷಗಟ್ಟಲೆ ಪಟ್ಟುಹಿಡಿದು ಹಿಡಿತಕ್ಕೆ ತಂದುಕೊಂಡರು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಎಡ್ವರ್ಡ್ ರಾಸ್ ಎಂಬ ಗಣಿತದ ಪ್ರಾಧ್ಯಾಪಕರು ಅವರಿಗೆ ಗುರುವಾಗಿ ಸಿಕ್ಕರು. 1916ರಲ್ಲಿ ಎಂ.ಎ. ಮುಗಿಯಿತು. ಆಮೇಲೆ ಅಧ್ಯಾಪಕ ತರಬೇತಿ, ಮಂಗಳೂರಿನ ಕೆಲಸ, ಅಲ್ಲಿಂದ ಕೊಯಮತ್ತೂರು, ಕೊನೆಗೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು.

ಅಷ್ಟರಲ್ಲಿ ಮದ್ರಾಸ್ ವಿಶ್ವವಿದ್ಯಾನಿಲಯ ಮೊದಲ ಬಾರಿಗೆ ಒಂದು ಗ್ರಂಥಪಾಲಕರ ಹುದ್ದೆಯನ್ನು ಸೃಷ್ಟಿಸಿತು. ಸುಮಾರು 900 ಅರ್ಜಿಗಳು ಬಂದವು. ಅರ್ಜಿ ಹಾಕಿದವರಲ್ಲಿ ಗ್ರಂಥಾಲಯದ ತರಬೇತಿ ಪಡೆದವರು ಯಾರೂ ಇರಲಿಲ್ಲ. ಗೆಳೆಯರ ಒತ್ತಾಯಕ್ಕೆ ರಂಗನಾಥನ್ ಕೂಡ ಒಂದು ಅರ್ಜಿ ಹಾಕಿದ್ದರು. ಸಂದರ್ಶನಕ್ಕೆ ಕೆಲವೇ ದಿನ ಮೊದಲು ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದಲ್ಲಿ ಗ್ರಂಥಾಲಯದ ಬಗ್ಗೆ ಇದ್ದ ಲೇಖನವನ್ನು ಓದಿಕೊಂಡು ಹೋದರು. ಅಷ್ಟೇ ಅವರ ಸಿದ್ಧತೆ. ಆದರೂ ಕೆಲಸ ಅವರಿಗೇ ಸಿಕ್ಕಿತು.

1924ರ ಜನವರಿಯಲ್ಲಿ ಸೇರಿದರು. ಸೇರಿದ ವಾರದಲ್ಲೇ ಸಾಕಾಯಿತು. ತರಗತಿಯ ಗದ್ದಲಕ್ಕೆ ಹೊಂದಿಕೊಂಡಿದ್ದ ಮನುಷ್ಯನಿಗೆ ಯಾರೂ ಬಾರದ ಪುಸ್ತಕದ ಕೋಣೆಯಲ್ಲಿ ಕೂರುವುದು ಶಿಕ್ಷೆಯಾಗಿ ಕಂಡಿತು. ವಾಪಸ್ ಕಾಲೇಜಿಗೆ ಕಳಿಸಿ ಎಂದು ಮೇಲಿನವರ ಮುಂದೆ ಹೋಗಿ ನಿಂತರು. ಕೊನೆಗೆ ಒಂದು ಒಪ್ಪಂದವಾಯಿತು: ಲಂಡನ್ನಿಗೆ ಹೋಗಿ ಗ್ರಂಥಾಲಯದ ವಿದ್ಯೆ ಕಲಿತು ಬರಬೇಕು, ಬಂದ ಮೇಲೂ ಬೇಸರವೆನಿಸಿದರೆ ಗಣಿತ ಕಲಿಸಲು ಹಿಂದಿರುಗಬಹುದು. ಪಿಯುಸಿ ಮುಗಿಸಿ ಸಿಕ್ಕಿದ ಕೋರ್ಸಿಗೆ ಸೇರಿ, ಒಂದು ತಿಂಗಳಲ್ಲೇ ಇದು ನನ್ನದಲ್ಲ ಎಂದು ಕೈಚೆಲ್ಲುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ರಂಗನಾಥನ್ ಕೂಡ ಅದೇ ಹೇಳಿದ್ದರು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅವರಿಗೆ ವರ್ಗೀಕರಣದ ಪಾಠ ಹೇಳಿದವರು ಕ್ರಾಯ್ಡನ್ ಗ್ರಂಥಾಲಯದ ಮುಖ್ಯಸ್ಥ ಬರ್ವಿಕ್ ಸೇಯರ್ಸ್. ತರಗತಿಗಿಂತ ಹೆಚ್ಚಾಗಿ ಇಂಗ್ಲೆಂಡಿನ ಗ್ರಂಥಾಲಯಗಳನ್ನು ಸುತ್ತಿ ನೋಡಿ ರಂಗನಾಥನ್ ಕಲಿತರು. ಕಾರ್ಮಿಕರು, ಮಕ್ಕಳು, ಗೃಹಿಣಿಯರು ಒಳಗೆ ಬಂದು ತಾವೇ ಕಪಾಟಿನಿಂದ ಪುಸ್ತಕ ತೆಗೆದು ನೋಡುತ್ತಿದ್ದರು. ಪುಸ್ತಕ ಎಂದರೆ ಬೀಗ ಹಾಕಿ ಕಾಪಾಡುವ ಆಸ್ತಿ ಎಂದು ತಿಳಿದಿದ್ದ ನಾಡಿನಿಂದ ಹೋದವರಿಗೆ ಇದು ಹೊಸದು. ಮನಸ್ಸು ಬದಲಾಯಿತು. ಗಣಿತಕ್ಕೆ ಹಿಂದಿರುಗುವ ಮಾತು ಮತ್ತೆ ಬರಲಿಲ್ಲ.

ಜೊತೆಗೆ ಒಂದು ತೊಡಕೂ ಅವರ ಕಣ್ಣಿಗೆ ಬಿತ್ತು. ಅಲ್ಲಿನ ಬಹಳಷ್ಟು ಗ್ರಂಥಾಲಯಗಳಲ್ಲಿದ್ದದ್ದು ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ಪದ್ಧತಿ. ಅದರಲ್ಲಿ ವಿಷಯಗಳ ಪಟ್ಟಿ ಮೊದಲೇ ಸಿದ್ಧ. ಹೊಸ ಪುಸ್ತಕ ಬಂದಾಗ ಇರುವ ಗೂಡುಗಳಲ್ಲಿ ಯಾವುದಾದರೂ ಒಂದಕ್ಕೆ ಅದನ್ನು ತುರುಕಬೇಕು. ಎರಡು ಮೂರು ವಿಷಯ ಬೆರೆತ ಪುಸ್ತಕ ಬಂದರೆ ಕಷ್ಟ.

ನಮ್ಮದೇ ಉದಾಹರಣೆ ತೆಗೆದುಕೊಳ್ಳೋಣ. 1950ರ ದಶಕದಲ್ಲಿ ಚಿಕ್ಕಮಗಳೂರು ಜಿಲ್ಲೆಯ ಅರೇಬಿಕಾ ತೋಟಗಳಲ್ಲಿ ಬಿಳಿ ಕಾಂಡಕೊರಕವನ್ನು ಹತೋಟಿಗೆ ತರುವುದರ ಬಗ್ಗೆ ಒಂದು ಪುಸ್ತಿಕೆ ಇದೆ ಎಂದುಕೊಳ್ಳಿ. ಅದನ್ನು ಕಾಫಿ ಪುಸ್ತಕಗಳ ಜೊತೆ ಇಡಬೇಕೆ, ಕೀಟಗಳ ಜೊತೆ ಇಡಬೇಕೆ, ಜಿಲ್ಲೆಯ ಇತಿಹಾಸದ ಜೊತೆ ಇಡಬೇಕೆ? ತೋಟದ ಮಾಲೀಕ ಒಂದು ಕಡೆ ಹುಡುಕುತ್ತಾನೆ, ಪ್ರಾಣಿಶಾಸ್ತ್ರದ ವಿದ್ಯಾರ್ಥಿ ಇನ್ನೊಂದು ಕಡೆ, ಇತಿಹಾಸ ಬರೆಯುವವರು ಮತ್ತೊಂದು ಕಡೆ. ಪುಸ್ತಿಕೆ ಇರುವುದು ಒಂದೇ, ಅದಕ್ಕಿರುವ ಜಾಗವೂ ಒಂದೇ.

ಉತ್ತರ ಹೊಳೆದದ್ದು ಅಂಗಡಿಯಲ್ಲಿ. ಲಂಡನ್ನಿನ ಸೆಲ್ಫ್ರಿಜಸ್ ಎಂಬ ದೊಡ್ಡ ಮಳಿಗೆಯಲ್ಲಿ ಮೆಕ್ಯಾನೋ ಆಟಿಕೆಯ ಪ್ರದರ್ಶನ ನಡೆಯುತ್ತಿತ್ತು. ತೂತುಗಳಿರುವ ಲೋಹದ ಪಟ್ಟಿಗಳು, ಚಕ್ರಗಳು, ನಟ್ಟು, ಬೋಲ್ಟು. ಅದೇ ತುಂಡುಗಳನ್ನು ಒಂದು ರೀತಿ ಜೋಡಿಸಿದರೆ ಸೇತುವೆ, ಇನ್ನೊಂದು ರೀತಿ ಜೋಡಿಸಿದರೆ ಕ್ರೇನು. ರಂಗನಾಥನ್ ತಲೆಯಲ್ಲಿ ಮಿಂಚು ಹೊಡೆಯಿತು. ವಿಷಯಗಳ ಸಿದ್ಧ ಪಟ್ಟಿ ಯಾಕೆ ಬೇಕು? ತುಂಡುಗಳನ್ನು ಮಾತ್ರ ಕೊಟ್ಟರೆ ಸಾಕು, ಪುಸ್ತಕ ಬಂದಾಗ ಅದಕ್ಕೆ ತಕ್ಕ ತುಂಡುಗಳನ್ನು ಜೋಡಿಸಿ ಅದರ ವಿಳಾಸ ಕಟ್ಟಿಕೊಳ್ಳಬಹುದು. ನಟ್ಟು ಬೋಲ್ಟಿನ ಜಾಗಕ್ಕೆ ಅವರು ಆರಿಸಿಕೊಂಡ ಗುರುತು ಕೋಲನ್, ಅಂದರೆ ಒಂದರ ಮೇಲೊಂದು ಇಡುವ ಎರಡು ಚುಕ್ಕೆ. 1925ರಲ್ಲಿ ಊರಿಗೆ ಮರಳುವಾಗ ಹಡಗಿನ ಪುಟ್ಟ ಗ್ರಂಥಾಲಯದ ಪುಸ್ತಕಗಳ ಮೇಲೆಯೇ ಈ ಪದ್ಧತಿಯನ್ನು ಪ್ರಯೋಗಿಸಿ ನೋಡಿದರು. (ಅದೇ 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನಾ ಕೇಂದ್ರ ಆರಂಭವಾಯಿತು.) ಕೋಲನ್ ವರ್ಗೀಕರಣ ಪುಸ್ತಕರೂಪದಲ್ಲಿ ಹೊರಬಂದದ್ದು 1933ರಲ್ಲಿ.

ಆ ತುಂಡುಗಳಿಗೆ ಅವರು ಕೊಟ್ಟ ಹೆಸರು ಫ್ಯಾಸೆಟ್, ಅಂದರೆ ಮುಖ. ಕಡೆದ ವಜ್ರದ ಮುಖಗಳಿದ್ದಂತೆ. ಯೋಚಿಸುತ್ತಾ ಹೋದಂತೆ, ಯಾವ ವಿಷಯದ ಮುಖಗಳೂ ಐದು ಮೂಲ ಬಗೆಗಳೊಳಗೆ ಬರುತ್ತವೆ ಎಂದು ಅವರಿಗೆ ಕಂಡಿತು: ವಿಷಯದ ಕೇಂದ್ರದಲ್ಲಿರುವ ವಸ್ತು ಅಥವಾ ವ್ಯಕ್ತಿ, ಅದರ ದ್ರವ್ಯ, ಅದರ ಮೇಲೆ ನಡೆಯುವ ಕ್ರಿಯೆ, ಸ್ಥಳ, ಕಾಲ. ನಮ್ಮ ಪುಸ್ತಿಕೆಯಲ್ಲಿ ಅರೇಬಿಕಾ ಗಿಡ ಕೇಂದ್ರ, ಕಾಂಡಕೊರಕದ ಹತೋಟಿ ಕ್ರಿಯೆ, ಚಿಕ್ಕಮಗಳೂರು ಸ್ಥಳ, 1950ರ ದಶಕ ಕಾಲ. ದ್ರವ್ಯ ಎಲ್ಲ ಪುಸ್ತಕದಲ್ಲೂ ಇರಬೇಕೆಂದಿಲ್ಲ. ಬೇಲೂರಿನ ಶಿಲ್ಪದ ಪುಸ್ತಕವಾದರೆ ಕಲ್ಲು ದ್ರವ್ಯವಾಗುತ್ತದೆ. ಪ್ರತಿ ತುಂಡಿಗೂ ಒಂದು ಸಂಕೇತ. ಸ್ಥಳದ ಪಟ್ಟಿಯಲ್ಲಿ 44 ಎಂದರೆ ಭಾರತ. ಕಾಲದ ಪಟ್ಟಿಯಲ್ಲಿ ಎನ್5 ಎಂದರೆ 1950ರ ದಶಕ. ಎಲ್ಲವನ್ನೂ ಜೋಡಿಸಿದರೆ ಪುಸ್ತಕದ ಬೆನ್ನ ಮೇಲೆ ಅದರ ಪೂರ್ಣ ವಿವರ ಬರೆದಂತಾಯಿತು.

ಈಗ ಲ್ಯಾಬಿನಲ್ಲಿ ಕುಳಿತು ಸೆಲೆಕ್ಟ್, ಫ್ರಮ್, ವೇರ್ ಎಂದು ಟೈಪ್ ಮಾಡುವವರು ಯೋಚಿಸಿ. ವೇರ್ ಆದ ಮೇಲೆ ನೀವು ಹಾಕುವ ಬೆಳೆ, ಜಿಲ್ಲೆ, ವರ್ಷ ಎಂಬ ಷರತ್ತುಗಳು ಇವೇ ಮುಖಗಳು. ಡೇಟಾ ವೇರ್‌ಹೌಸ್‌ನಲ್ಲಿ ನಡುವೆ ಒಂದು ದೊಡ್ಡ ಫ್ಯಾಕ್ಟ್ ಟೇಬಲ್, ಸುತ್ತ ವಸ್ತು, ಸ್ಥಳ, ಕಾಲ ಮುಂತಾದ ಡೈಮೆನ್ಶನ್ ಟೇಬಲ್‌ಗಳನ್ನಿಟ್ಟು ನಕ್ಷತ್ರದ ಆಕಾರದಲ್ಲಿ ಜೋಡಿಸುತ್ತಾರೆ. ಕಾಫಿ ಖರೀದಿಯ ಲೆಕ್ಕವನ್ನು ಹಾಗೆ ಇಟ್ಟರೆ, ಕಳಸದಿಂದ ಈ ಹಂಗಾಮಿನಲ್ಲಿ ಬಂದ ರೋಬಸ್ಟಾ ಚೆರಿ ಎಷ್ಟು, ಮೂಡಿಗೆರೆಯಿಂದ ಹೋದ ವರ್ಷ ಬಂದ ಅರೇಬಿಕಾ ಪಾರ್ಚ್‌ಮೆಂಟ್ ಎಷ್ಟು ಎಂದು ಯಾವ ಕಡೆಯಿಂದ ಕೇಳಿದರೂ ಉತ್ತರ ಬರುತ್ತದೆ. ಫೋನಿನಲ್ಲಿ ಬಟ್ಟೆಯೋ ಚಪ್ಪಲಿಯೋ ಕೊಳ್ಳುವಾಗ ಪರದೆಯ ಬದಿಯಲ್ಲಿ ಬಣ್ಣ, ಅಳತೆ, ಬೆಲೆ ಎಂದು ಟಿಕ್ ಮಾಡುತ್ತೀರಲ್ಲ, ಅದರ ಹೆಸರೇ ಫ್ಯಾಸೆಟೆಡ್ ಸರ್ಚ್. ಆ ಹೆಸರು ಬಂದದ್ದು ರಂಗನಾಥನ್ ಅವರಿಂದಲೇ. 1952ರಲ್ಲಿ ಲಂಡನ್ನಿನಲ್ಲಿ ಸೇರಿದ ವರ್ಗೀಕರಣ ಸಂಶೋಧಕರ ಗುಂಪೊಂದು ಅವರ ವಿಚಾರವನ್ನು ಎತ್ತಿಕೊಂಡಿತು. 1957ರಲ್ಲಿ ಡಾರ್ಕಿಂಗ್ ಎಂಬ ಊರಿನಲ್ಲಿ ನಡೆದ ಸಮ್ಮೇಳನ ಮಾಹಿತಿ ಹುಡುಕಾಟಕ್ಕೆ ಇದನ್ನೇ ಆಧಾರವಾಗಿ ಒಪ್ಪಿತು. ಅಲ್ಲಿಂದ ಕಂಪ್ಯೂಟರ್ ಪ್ರಯೋಗಾಲಯಗಳಿಗೆ, ಅಲ್ಲಿಂದ ನಿಮ್ಮ ಫೋನಿಗೆ.

ಹಾಗೆಂದು ಡೇಟಾಬೇಸ್ ಕಂಡುಹಿಡಿದವರೇ ರಂಗನಾಥನ್ ಎಂದು ಯಾರೂ ಬರೆಯಬಾರದು. ರಿಲೇಶನಲ್ ಮಾದರಿ ಐಬಿಎಂನ ಎಡ್ಗರ್ ಕಾಡ್ ಅವರದು, 1970ರದು, ಅದು ಸೆಟ್ ಸಿದ್ಧಾಂತ ಮತ್ತು ತರ್ಕಶಾಸ್ತ್ರದಿಂದ ಬಂದದ್ದು. ಆದರೆ ಇಬ್ಬರೂ ಗಣಿತದವರು, ಇಬ್ಬರೂ ಒಂದೇ ಕಡೆ ಬೆರಳಿಟ್ಟರು ಎನ್ನುವುದು ನನಗೆ ಯಾವಾಗಲೂ ಸೋಜಿಗ. ದತ್ತಾಂಶ ಡಿಸ್ಕಿನಲ್ಲಿ ಎಲ್ಲಿದೆ, ಹೇಗಿದೆ ಎನ್ನುವುದು ಅದನ್ನು ಕೇಳುವವನ ತಲೆನೋವಾಗಬಾರದು ಎಂದು ಕಾಡ್ ವಾದಿಸಿದರು. ರಂಗನಾಥನ್ ವರ್ಗೀಕರಣದ ಕೆಲಸವನ್ನು ವಿಚಾರದ ಸ್ತರ, ಮಾತಿನ ಸ್ತರ, ಸಂಕೇತದ ಸ್ತರ ಎಂದು ಮೂರಾಗಿ ಬೇರ್ಪಡಿಸಿದರು. ಮೊದಲು ವಿಚಾರದಲ್ಲಿ ಸ್ಪಷ್ಟವಾಗಬೇಕು, ಸಂಕೇತ ಅದರ ಸೇವಕ ಮಾತ್ರ. ಟೇಬಲ್ ರಚಿಸುವ ಮೊದಲು ಕಾಗದದ ಮೇಲೆ ಇ-ಆರ್ ಚಿತ್ರ ಬರೆಯಿರಿ ಎಂದು ಲ್ಯಾಬಿನಲ್ಲಿ ಹೇಳಿದಾಗ ಮುಖ ಸಿಂಡರಿಸುವವರಿಗೆ ಇದು ಗೊತ್ತಿರಲಿ.

ಇನ್ನೊಂದು ವಿಚಾರವೂ ಇದೆ. ಕಪಾಟಿನಲ್ಲಿ ಒಬ್ಬ ಓದುಗನಿಗೆ ಬೇಕಾದ ಪುಸ್ತಕ ನಡುವೆ ಇರಬೇಕು, ಅದರ ಎಡಬಲದಲ್ಲಿ ಹತ್ತಿರದ ವಿಷಯದವು, ಇನ್ನೂ ಆಚೆ ಸಂಬಂಧವಿಲ್ಲದವು. ಗ್ರಹಣದ ದಟ್ಟ ನೆರಳು, ತೆಳು ನೆರಳು ಇದ್ದಂತೆ. ಇಂದು ಎಐ ಕೆಲಸಗಳಿಗೆ ಬಳಸುವ ವೆಕ್ಟರ್ ಡೇಟಾಬೇಸ್‌ಗಳು ಹತ್ತಿರದ ಅರ್ಥದ ದಾಖಲೆಗಳನ್ನು ಹತ್ತಿರದ ಬಿಂದುಗಳಾಗಿಟ್ಟು ಹುಡುಕುತ್ತವೆ. ಅಲ್ಲಿ ಆಯಾಮಗಳು ನೂರಾರು. ಕಪಾಟಿಗೆ ಇರುವುದು ಎಡ, ಬಲ ಎಂಬ ಒಂದೇ ಆಯಾಮ. ಹಲವು ಮುಖಗಳ ವಿಷಯವನ್ನು ಆ ಒಂದೇ ಗೆರೆಯ ಮೇಲೆ ತರುವುದು ಹೇಗೆ ಎಂಬುದೇ ಅವರ ಜೀವಮಾನದ ಲೆಕ್ಕವಾಯಿತು.

ಮದ್ರಾಸಿಗೆ ಮರಳಿದ ಮೇಲೆ ಅವರು ಮೊದಲು ಕೈಹಾಕಿದ್ದು ಬೀಗಕ್ಕೆ. ಓದುಗರು ನೇರವಾಗಿ ಕಪಾಟಿನ ಬಳಿ ಹೋಗುವಂತೆ ಮಾಡಿದರು, ಗ್ರಂಥಾಲಯ ತೆರೆದಿರುವ ಹೊತ್ತನ್ನು ಹೆಚ್ಚಿಸಿದರು, ಬಂದವರಿಗೆ ಹುಡುಕಿಕೊಡಲು ಸಿಬ್ಬಂದಿಯನ್ನು ತರಬೇತಿಗೊಳಿಸಿದರು. 1928ರಲ್ಲಿ ಮದ್ರಾಸ್ ಗ್ರಂಥಾಲಯ ಸಂಘ ಹುಟ್ಟಿತು. ಅದೇ ವರ್ಷ ಅವರ ಪತ್ನಿ ರುಕ್ಮಿಣಿ ಅಪಘಾತದಲ್ಲಿ ತೀರಿಕೊಂಡರು. ಮರುವರ್ಷ ಶಾರದಾ ಅವರನ್ನು ಮದುವೆಯಾದರು. ಆದರೂ ಮನೆಗಿಂತ ಗ್ರಂಥಾಲಯದಲ್ಲೇ ಹೆಚ್ಚು ಹೊತ್ತು ಇರುತ್ತಿದ್ದರು. 20 ವರ್ಷ ರಜೆಯೆಂದು ತೆಗೆದುಕೊಳ್ಳಲಿಲ್ಲ, ದಿನಕ್ಕೆ 13 ಗಂಟೆ ದುಡಿದರು ಎನ್ನುತ್ತಾರೆ. ಇದನ್ನು ಮೆಚ್ಚಬೇಕೋ ಮರುಗಬೇಕೋ ನನಗೆ ತಿಳಿಯದು. ಮನೆಯವರು ಏನೆಂದುಕೊಂಡಿದ್ದರೋ.

1931ರಲ್ಲಿ ಅವರ ಐದು ಸೂತ್ರಗಳ ಪುಸ್ತಕ ಬಂತು. ಪುಸ್ತಕ ಇರುವುದು ಬಳಸಲು, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು, ಓದುಗನ ಸಮಯ ಉಳಿಯಬೇಕು, ಗ್ರಂಥಾಲಯ ಬೆಳೆಯುತ್ತಲೇ ಇರುವ ಜೀವಿ ಎಂಬುದು ಅವುಗಳ ಸಾರಾಂಶ. ಎರಡನೆಯದನ್ನು ಹಗುರವಾಗಿ ಓದಬಾರದು. ಪ್ರತಿ ಓದುಗ ಎಂದಾಗ ಜಾತಿ, ಧರ್ಮ, ಹಣ, ಹೆಣ್ಣು, ಗಂಡು ಯಾವುದೂ ಅಡ್ಡಿಯಲ್ಲ ಎಂದಾಯಿತು. 1931ರ ಭಾರತದಲ್ಲಿ ಅದು ಸಣ್ಣ ಮಾತಲ್ಲ. ತೋಟದ ಲೈನ್ ಮನೆಯಿಂದ ಬರುವ ಹುಡುಗಿಯೂ, ಎಸ್ಟೇಟ್ ಮಾಲೀಕರ ಮಗನೂ ಒಂದೇ ಕಪಾಟಿನ ಮುಂದೆ ನಿಲ್ಲಬಹುದು ಎಂದೇ ಅದರ ಅರ್ಥ. ನಾಲ್ಕನೆಯದು ಡೇಟಾಬೇಸ್‌ನಲ್ಲಿ ಇಂಡೆಕ್ಸ್ ಮಾಡುವ ಕೆಲಸ. ಒಂದೊಂದೇ ಸಾಲು ಓದುತ್ತಾ ಹೋಗದೆ ನೇರವಾಗಿ ಬೇಕಾದ ಸಾಲಿಗೆ ಕರೆದೊಯ್ಯುವುದು.

ನಮ್ಮ ಮಕ್ಕಳಿಗೆ ಇದು ಹೊರಗಿನ ಮಾತೆಂದು ಅನಿಸಬೇಕಾಗಿಲ್ಲ. ಕುರ್‌ಆನಿನ ಮೊದಲ ಅವತರಣವೇ ಓದಿನ ಆಜ್ಞೆಯಿಂದ ಆರಂಭವಾಗುತ್ತದೆ. ಹತ್ತನೆಯ ಶತಮಾನದ ಬಾಗ್ದಾದಿನಲ್ಲಿ ಇಬ್ನ್ ಅಲ್-ನದೀಮ್ ಎಂಬ ಪುಸ್ತಕ ವ್ಯಾಪಾರಿ ಅರಬ್ಬಿ ಭಾಷೆಯಲ್ಲಿ ಸಿಗುತ್ತಿದ್ದ ಪುಸ್ತಕಗಳನ್ನು ಹತ್ತು ಭಾಗಗಳಲ್ಲಿ ಪಟ್ಟಿ ಮಾಡಿ ಫಿಹ್ರಿಸ್ತ್ ಎಂಬ ಗ್ರಂಥ ರಚಿಸಿದ. ಅದರಲ್ಲಿ ಪರಮತಗಳ ಪುಸ್ತಕಗಳಿಗೂ ಜಾಗವಿತ್ತು. ಅಲ್ಲಿ ಹೆಸರಿರುವ ಎಷ್ಟೋ ಪುಸ್ತಕಗಳು ಇಂದು ಉಳಿದಿಲ್ಲ. ಅವು ಇದ್ದವೆಂದು ನಮಗೆ ತಿಳಿಯುವುದು ಆ ಪಟ್ಟಿಯಿಂದಲೇ.

ಮದ್ರಾಸ್ ಬಿಟ್ಟ ಮೇಲೆ ರಂಗನಾಥನ್ 1945ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿ ಎರಡು ವರ್ಷದಲ್ಲಿ ಸುಮಾರು ಒಂದು ಲಕ್ಷ ಪುಸ್ತಕಗಳನ್ನು ತಾವೇ ವರ್ಗೀಕರಿಸಿದರು. ಆಮೇಲೆ ದೆಹಲಿ, ಅದಾದ ಮೇಲೆ ಸ್ವಿಟ್ಜರ್ಲೆಂಡಿನ ಜ್ಯೂರಿಚ್. 1948ರಲ್ಲಿ ಮದ್ರಾಸ್ ಪ್ರಾಂತ್ಯದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದರ ಹಿಂದೆ ಅವರ ಹಲವು ವರ್ಷಗಳ ಓಡಾಟವಿತ್ತು. ತಾವು ಕೂಡಿಟ್ಟ ಒಂದು ಲಕ್ಷ ರೂಪಾಯಿಯನ್ನು ಮದ್ರಾಸ್ ವಿಶ್ವವಿದ್ಯಾನಿಲಯಕ್ಕೆ ಕೊಟ್ಟು ಪತ್ನಿಯ ಹೆಸರಿನಲ್ಲಿ ಗ್ರಂಥಾಲಯ ವಿಜ್ಞಾನದ ಪೀಠ ಮಾಡಿಸಿದರು. 1957ರಲ್ಲಿ ಪದ್ಮಶ್ರೀ ಬಂತು.

ಕೊನೆಗೆ ಬೆಂಗಳೂರು. 1962ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ, ಚಿಕ್ಕದಾಗಿ ಡಿಆರ್‌ಟಿಸಿ, ಅಲ್ಲಿ ಆರಂಭವಾಯಿತು. ಆಗ ಅವರಿಗೆ 70 ವರ್ಷ. ಎ. ನೀಲಮೇಘನ್ ಮುಂತಾದ ಕಿರಿಯರು ಜೊತೆಗಿದ್ದರು. ಮುಖಗಳ ಪದ್ಧತಿಯನ್ನು ಕಂಪ್ಯೂಟರಿಗೆ ಕಲಿಸಿ ದಾಖಲೆ ಹುಡುಕಿಸುವ ಪ್ರಯೋಗಗಳು ಆ ದಶಕದಲ್ಲೇ ಅಲ್ಲಿ ನಡೆದವು. 1965ರಲ್ಲಿ ಅವರನ್ನು ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕರನ್ನಾಗಿ ಮಾಡಲಾಯಿತು. ಅದೇ ವರ್ಷ ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಬಂತು. ಅವರ ವಿಚಾರಗಳ ಪ್ರಭಾವ ಅದರಲ್ಲಿದೆ. ಮನೆ ಕಂದಾಯದ ರಸೀದಿಯನ್ನು ಒಮ್ಮೆ ತೆಗೆದು ನೋಡಿ, ಗ್ರಂಥಾಲಯ ಕರ ಎಂಬ ಸಾಲು ಕಾಣುತ್ತದೆ. ಚಿಕ್ಕಮಗಳೂರಿನ ಗ್ರಂಥಾಲಯದಲ್ಲಿ ಕುಳಿತು ಪೇಪರ್ ಓದುವವರು ಪುಕ್ಕಟೆ ಓದುತ್ತಿಲ್ಲ, ಅವರ ಮನೆಯವರು ಹಣ ಕಟ್ಟಿದ್ದಾರೆ. 1967ರಲ್ಲಿ, ಬಹುಶಃ ಹಳೆಯ ಗಣಿತದ ಪ್ರೀತಿಗೆ, ಶ್ರೀನಿವಾಸ ರಾಮಾನುಜನ್ ಅವರ ಜೀವನದ ಬಗ್ಗೆಯೂ ಒಂದು ಪುಸ್ತಕ ಬರೆದರು.

ಸೋಲನ್ನೂ ಹೇಳಬೇಕು. ಕೋಲನ್ ವರ್ಗೀಕರಣ ಭಾರತದ ಹೊರಗೆ ಬೇರೂರಲಿಲ್ಲ. ಒಳಗೂ ಎಷ್ಟೋ ಗ್ರಂಥಾಲಯಗಳು ಅದನ್ನು ಬಿಟ್ಟು ಡ್ಯೂಯಿಯನ್ನೇ ಹಿಡಿದವು. ಸಂಕೇತಗಳು ರೈಲಿನಷ್ಟು ಉದ್ದ, ಪುಸ್ತಕದ ಬೆನ್ನಿನ ಮೇಲೆ ಹಿಡಿಸುವುದೇ ಕಷ್ಟ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಅವರು ಸುಮ್ಮನಿರಲಿಲ್ಲ. ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ನಿಯಮಗಳನ್ನು ತಿದ್ದುತ್ತಾ ಹೋದರು. ಸಾವಿರಾರು ಪುಸ್ತಕಗಳಿಗೆ ಚೀಟಿ ಅಂಟಿಸಿದ ಗ್ರಂಥಪಾಲಕರು ಮತ್ತೆ ಚೀಟಿ ಕೀಳಬೇಕಾಯಿತು. ನಡೆಯುತ್ತಿರುವ ಡೇಟಾಬೇಸಿನ ಸ್ಕೀಮಾ ಬದಲಿಸಿ ನೋಡಿದವರಿಗೆ ಆ ಸಂಕಟ ಗೊತ್ತು. ಕಪಾಟಿನಲ್ಲಿ ಕಷ್ಟವಾದ ವಿಚಾರ ಕಂಪ್ಯೂಟರಿನಲ್ಲಿ ಸುಲಭವಾಯಿತು. ಅಲ್ಲಿ ಒಂದೇ ಪುಸ್ತಿಕೆ ಏಕಕಾಲಕ್ಕೆ ಕಾಫಿಯಲ್ಲೂ ಕೀಟದಲ್ಲೂ ಚಿಕ್ಕಮಗಳೂರಿನಲ್ಲೂ ಸಿಗಬಹುದು. ಅದನ್ನು ನೋಡಲು ಅವರು ಇರಲಿಲ್ಲ.

1972ರ ಸೆಪ್ಟೆಂಬರ್ 27ರಂದು ರಂಗನಾಥನ್ ಬೆಂಗಳೂರಿನಲ್ಲಿ ತೀರಿಕೊಂಡರು. ಇಂದಿನ ಬಹುತೇಕ ಡೇಟಾಬೇಸ್‌ಗಳು ಇಂಡೆಕ್ಸಿಗೆ ಬಳಸುವ ಬಿ-ಟ್ರೀ ರಚನೆಯ ಬಗ್ಗೆ ಬೇಯರ್ ಮತ್ತು ಮೆಕ್ರೈಟ್ ಬರೆದ ಲೇಖನ ಅಚ್ಚಾದದ್ದು ಅದೇ ವರ್ಷ. ಡಿಆರ್‌ಟಿಸಿ ಈಗಲೂ ಬೆಂಗಳೂರಿನ ಮೈಸೂರು ರಸ್ತೆಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆವರಣದಲ್ಲಿ ನಡೆಯುತ್ತಿದೆ. ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದಲ್ಲಿ ಎರಡು ವರ್ಷದ ಸ್ನಾತಕೋತ್ತರ ಕೋರ್ಸ್ ಇದೆ. ಪದವಿ ಮುಗಿಸಿದವರು ಸಂಸ್ಥೆಯ ಪ್ರವೇಶ ಪರೀಕ್ಷೆ ಬರೆದು ಸೇರಬಹುದು, ಕಲಾ ವಿಭಾಗದವರೂ ಸೇರಿ.